ಟಿಲ್ಲರ್ ಸಾಗಿಸೋಕೆ ಬೊಲೆರೊಗೆ ಟ್ರೈಲರ್ ಕಟ್ಟಲಾ, ಪಿಕಪ್ ತಗೊಳ್ಳಲಾ? ಸಹಾಯ ಬೇಕು

ನಮಸ್ಕಾರ. ಮನೆ ಕಲಬುರಗಿಯಲ್ಲಿ, ಹೊಲ ಆಳಂದದ ಕಡೆ, ಸುಮಾರು 40 ಕಿಮೀ. ತೊಗರಿ ಹಾಕುತ್ತೇವೆ. ಪವರ್ ಟಿಲ್ಲರ್ ಮನೆಯಲ್ಲೇ ಇರುತ್ತದೆ, ಹೊಲದಲ್ಲಿ ಬಿಟ್ಟರೆ ಉಳಿಯಲ್ಲ. ಹೋದ ವಾರ ಬಾಡಿಗೆ ಗಾಡಿಯವನು ಬರ್ತೀನಿ ಬರ್ತೀನಿ ಅಂತ ಹೇಳಿ ಬರಲೇ ಇಲ್ಲ, ಹದ ಇದ್ದ ಎರಡು ದಿನ ಸುಮ್ನೆ ಹೋಯಿತು, ಅವತ್ತೇ ಸ್ವಂತದ್ದೇ ಏನಾದರೂ ಮಾಡಬೇಕು ಅಂತ ನಿರ್ಧಾರ ಮಾಡಿದೆ.

ಮನೆಯಲ್ಲಿ ಹಳೇ ಬೊಲೆರೊ ಇದೆ. ಹಿಂದೆ ಕೊಕ್ಕೆ ಹಾಕಿಸಿ ಸಣ್ಣ ಟ್ರೈಲರ್ ಎಳೆಯೋಣ ಅಂತ ಒಂದು ಯೋಚನೆ. ಟಿಲ್ಲರ್, ಸ್ಪ್ರೇಯರ್, ಟ್ರೈಲರ್ ಎಲ್ಲ ಸೇರಿ 800 ಕೆಜಿ ಆಗುತ್ತದೆ. ಎಳೆಯೋದು ಕಷ್ಟ ಅಲ್ಲ, ನಿಲ್ಲಿಸೋದೇ ಭಯ. ಟ್ರೈಲರ್‌ಗೆ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಹಿಂದಿನಿಂದ ದಬ್ಬುತ್ತದೆ ಅಲ್ವಾ? ಭಾರದಲ್ಲಿ ನೂರಕ್ಕೆ 10ರಿಂದ 15 ಭಾಗ, ಅಂದರೆ 80ರಿಂದ 120 ಕೆಜಿ, ಕೊಕ್ಕೆ ಮೇಲೆ ಬೀಳಬೇಕಂತೆ. ಕಡಿಮೆ ಆದರೆ ಟ್ರೈಲರ್ ಹಾವಿನ ಹಾಗೆ ಓಲಾಡುತ್ತದೆ, ಜಾಸ್ತಿ ಆದರೆ ಗಾಡಿಯ ಮೂತಿ ಮೇಲೇಳುತ್ತದೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ದಾರಿ ಬೇರೆ, ಟ್ರೈಲರ್ ಕಟ್ಟಿಕೊಂಡು ರಿವರ್ಸ್ ತಗೊಳ್ಳೋದು ದೇವರಿಗೇ ಪ್ರೀತಿ.

ಪಿಕಪ್ ಆದರೆ ಎಲ್ಲ ಮೇಲೇ ಹೇರಿ ಹೋಗಬಹುದು, ತೊಗರಿ ಚೀಲನೂ ಮಂಡಿಗೆ ಹೋಗುತ್ತದೆ. ಆದರೆ ಹಳದಿ ಬೋರ್ಡು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಖರ್ಚು. ಮನೆ ಮಂದಿಯೆಲ್ಲ ಕೂತು ಮದುವೆಗೂ ಹೋಗೋಕಾಗಲ್ಲ. ಬಿಳಿ ಬೋರ್ಡಿನ ಪಿಕಪ್ ಇಸುಝು ವಿ-ಕ್ರಾಸ್ ಚೆನ್ನಾಗಿದೆ, ಆದರೆ ನನ್ನ ಬಜೆಟ್ ಅಲ್ಲ.

ಇಲ್ಲಿ ಯಾರಾದರೂ ಬೊಲೆರೊಗೆ ಟ್ರೈಲರ್ ಕಟ್ಟಿ ಓಡಿಸಿದ್ದೀರಾ? ಟ್ರೈಲರ್ ನೋಂದಣಿಗೆ ಆರ್‌ಟಿಒದಲ್ಲಿ ಏನೇನು ಕೇಳಿದರು? ಬ್ರೇಕ್ ಇರೋ ಟ್ರೈಲರ್ ಕಲಬುರಗಿ, ಹುಮನಾಬಾದ್ ಕಡೆ ಯಾರಾದರೂ ಮಾಡಿಕೊಡ್ತಾರಾ? ಮುಂಗಾರಿಗೆ ಮೊದಲು ತೀರ್ಮಾನ ಆಗಬೇಕು.