ಬ್ಯಾಟರಿ ಗಾಡಿಯ ಹೋಲ್ಡರಿಗೆ 12 ವೋಲ್ಟ್ ಬರುತ್ತಿದೆ, ಬ್ರೇಕ್ ದೀಪ ಮಾತ್ರ ಉರಿಯುತ್ತಿಲ್ಲ

ಧಾರವಾಡದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಧಾರವಾಡದ ಒಂದು ವಿದ್ಯಾಸಂಸ್ಥೆಯ ಆವರಣದಲ್ಲಿ ವಯಸ್ಸಾದ ಅತಿಥಿಗಳನ್ನು ಕರೆದೊಯ್ಯಲು ಇಟ್ಟಿರುವ ಬ್ಯಾಟರಿ ಗಾಡಿಯ, ಅಂದರೆ ಗಾಲ್ಫ್ ಕಾರ್ಟಿನ, ಉಸ್ತುವಾರಿ ನನ್ನದು. ಎಂಟು ವೋಲ್ಟಿನ ಆರು ಬ್ಯಾಟರಿಗಳು ಸೇರಿ 48 ವೋಲ್ಟ್ ಆಗುತ್ತದೆ. ದೀಪಗಳಿಗೆ, ಆ 48 ವೋಲ್ಟನ್ನು ಇಳಿಸಿಕೊಡುವ ಕನ್ವರ್ಟರಿನಿಂದ 12 ವೋಲ್ಟ್ ಬರುತ್ತದೆ. ಹದಿನೈದು ದಿನಗಳಿಂದ ಹಿಂದಿನ ಎರಡೂ ಬ್ರೇಕ್ ದೀಪಗಳು ಉರಿಯುತ್ತಿಲ್ಲ. ಹೆಡ್‌ಲೈಟು, ಹಾರ್ನು ಸರಿಯಾಗಿವೆ. ಟೇಲ್ ದೀಪ ಉರಿಯುತ್ತದೆಯಾದರೂ ಮಂಕಾಗಿದೆ.

ಒಂದೇ ಬಲ್ಬಿನೊಳಗೆ ಟೇಲ್‌ಗೊಂದು, ಬ್ರೇಕಿಗೊಂದು ತಂತಿ ಇರುವ ಡಬಲ್ ಕಾಂಟ್ಯಾಕ್ಟ್ ಬಲ್ಬುಗಳನ್ನು ಎರಡು ಸಲ ಬದಲಿಸಿದ್ದಾಯಿತು. ಬಲ್ಬು ತೆಗೆದು ಹೋಲ್ಡರಿನೊಳಗೆ ಮಲ್ಟಿಮೀಟರ್ ಇಟ್ಟು ಪೆಡಲ್ ಒತ್ತಿಸಿದರೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ; ಅದೇ ಹೋಲ್ಡರಿಗೆ ಹೊಸ ಬಲ್ಬು ಹಾಕಿದರೆ ಕತ್ತಲೆ. ಅಂಗಡಿಯವರು ಎಲ್‌ಇಡಿ ಬಲ್ಬು ಹಾಕಿಬಿಡಿ ಎನ್ನುತ್ತಾರೆ. ನಮ್ಮಲ್ಲಿ ಇಳಿಜಾರು ಹೆಚ್ಚು, ಈಗ ಜಿಟಿಜಿಟಿ ಮಳೆ ಬೇರೆ, ಹಿಂದೆ ಬೈಕಿನಲ್ಲಿ ಬರುವ ಹುಡುಗರಿಗೆ ಗಾಡಿ ನಿಲ್ಲುತ್ತಿರುವುದು ತಿಳಿಯುವುದಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಹುಬ್ಬಳ್ಳಿಯ ಆಟೋ ಎಲೆಕ್ಟ್ರಿಷಿಯನ್

ಸರ್, ಎರಡೂ ದೀಪಗಳು ಒಂದೇ ದಿನ ನಿಂತವೆಂದರೆ ತಪ್ಪು ಬಲ್ಬಿನಲ್ಲಿರುವುದು ಅಪರೂಪ. ಎರಡಕ್ಕೂ ಸೇರಿದ ಜಾಗದಲ್ಲಿ ಹುಡುಕಬೇಕು. ನಾನಾದರೆ ಮೊದಲು ಪೆಡಲಿನ ಬಳಿಯ ಸ್ವಿಚ್ಚನ್ನು ನೋಡುತ್ತೇನೆ. ಬಹುತೇಕ ಗಾಡಿಗಳಲ್ಲಿ ಅದು ನೆಲದ ಹಾಸಿನ ಕೆಳಗೆ, ಚಕ್ರ ಎರಚುವ ಕೆಸರಿಗೆ ನೇರವಾಗಿ ಸಿಗುವಂತಿರುತ್ತದೆ. ನಿಮ್ಮ ಕಡೆಯ ಕೆಂಪು ಮಣ್ಣು ಒಣಗಿ ಸ್ವಿಚ್ಚಿನ ಗುಂಡಿಯನ್ನು ಹಿಡಿದುಕೊಂಡರೆ ಪೆಡಲ್ ಚಲಿಸಿದರೂ ಸ್ವಿಚ್ಚು ಚಲಿಸುವುದಿಲ್ಲ. ಎರಡು ವೈರುಗಳನ್ನು ಬಿಚ್ಚಿ, ಮೀಟರನ್ನು ಬೀಪ್ ಕೊಡುವ ಜಾಗಕ್ಕಿಟ್ಟು, ಪೆಡಲ್ ಒತ್ತಿದಾಗ ಶಬ್ದ ಬರುತ್ತದೆಯೇ ನೋಡಿರಿ.

ಇನ್ನೊಂದು ಮಾತು. ಕೈ ಹಾಕುವ ಮೊದಲು ಚಕ್ರಗಳಿಗೆ ಕಲ್ಲು ಕೊಡಿ, ಬೀಗದ ಕೈ ತೆಗೆಯಿರಿ, ಗಾಡಿಯನ್ನು ಎಳೆದೊಯ್ಯುವಾಗ ಮೋಟರ್ ಓಡದಂತೆ ಮಾಡುವ ಟೋ-ರನ್ ಸ್ವಿಚ್ಚು ಇದ್ದರೆ ಟೋ ಕಡೆಗೆ ಇಡಿ, ಆಮೇಲೂ ದೀಪಗಳಿಗೆ ಕರೆಂಟು ಬರುತ್ತಿದ್ದರೆ ಹಾಗೆಯೇ ಪರೀಕ್ಷಿಸಿರಿ. ಬೆರಳಿನ ಉಂಗುರ, ಕೈಗಡಿಯಾರ ತೆಗೆದಿಟ್ಟೇ ಬ್ಯಾಟರಿಗಳ ಹತ್ತಿರ ಹೋಗಿರಿ. ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್‌ಗಳ ನಡುವೆ ಬಿದ್ದರೆ ಏನಾಗುತ್ತದೆಂಬುದನ್ನು ನಾನು ಒಮ್ಮೆ ಕಂಡಿದ್ದೇನೆ, ಎರಡನೆಯ ಸಲ ಕಾಣುವ ಆಸೆಯಿಲ್ಲ.

ಗದಗಿನಿಂದ ಉತ್ತರ

ಹುಬ್ಬಳ್ಳಿಯವರು ಹೇಳಿದ ಕ್ರಮ ಸರಿಯಾದದ್ದೇ. ಆದರೆ ಪ್ರಶ್ನೆ ಕೇಳಿದವರು ಪೆಡಲ್ ಒತ್ತಿದಾಗ ಹೋಲ್ಡರಿನಲ್ಲಿ 12 ವೋಲ್ಟ್ ಕಂಡಿದ್ದಾರೆ. ಅಂದಮೇಲೆ ಫ್ಯೂಜು ಹೋಗಿಲ್ಲ, ಸ್ವಿಚ್ಚೂ ಕೂಡುತ್ತಿದೆ. ಟೇಲ್ ದೀಪ ಮಂಕಾಗಿದೆ ಎಂಬ ಒಂದು ಮಾತಿನಲ್ಲಿ ನನಗೆ ಹೆಚ್ಚಿನ ಸುಳಿವು ಕಾಣುತ್ತದೆ. ಸಂಜೆ ಟೇಲ್ ದೀಪ ಹಾಕಿ ಪೆಡಲ್ ಒತ್ತಿ ನೋಡಿರಿ. ಆಗ ಅದು ಇನ್ನೂ ಮಂಕಾದರೆ, ಎರಡಕ್ಕೂ ಸೇರಿದ ವಾಪಸ್ ವೈರಿನಲ್ಲಿ, ಎಂದರೆ ಮೈನಸ್ ದಾರಿಯಲ್ಲಿ, ಎಲ್ಲೋ ಕಿಲುಬು ಹಿಡಿದ ಜಾಯಿಂಟ್ ಇದೆ ಎಂದೇ ತಿಳಿಯಿರಿ.

ಮೀಟರ್ ಸುಳ್ಳು ಹೇಳಿಲ್ಲ. ನೀವು ಅದನ್ನು ಕೇಳಿದ ಪ್ರಶ್ನೆ ಬೇರೆಯಾಗಿತ್ತು. ಮೀಟರ್ ತೆಗೆದುಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಒಂದೆರಡು ಎಳೆ ಮಾತ್ರ ಉಳಿದಿರುವ ಕೊಳೆತ ವೈರಿನ ಮೂಲಕವೂ ಅದಕ್ಕೆ ಪೂರ್ತಿ 12 ವೋಲ್ಟ್ ಕಾಣುತ್ತದೆ. ನಿಮ್ಮ ಬಲ್ಬಿನಲ್ಲಿ ಟೇಲ್ ತಂತಿ 5 ವ್ಯಾಟಿನದು, ಬ್ರೇಕ್ ತಂತಿ 21 ವ್ಯಾಟಿನದು. ಎರಡು ಬ್ರೇಕ್ ತಂತಿಗಳು ಸೇರಿದರೆ 3.5 ಆಂಪಿಯರ್ ಬೇಕು, ಟೇಲ್‌ಗೆ ಒಂದು ಆಂಪಿಯರ್ ಕೂಡ ಬೇಡ. ಸಾಲದ್ದಕ್ಕೆ ತಣ್ಣಗಿರುವ ಬಲ್ಬಿನ ತಂತಿಯ ರೋಧ ಉರಿಯುವಾಗಿನದರ ಸುಮಾರು ಹತ್ತನೆಯ ಒಂದು ಪಾಲಷ್ಟೇ ಇರುವುದರಿಂದ ಮೊದಲ ಕ್ಷಣದಲ್ಲಿ ಅದು ಇನ್ನೂ ಹೆಚ್ಚು ಎಳೆಯಲು ನೋಡುತ್ತದೆ. ಆಗ ವೋಲ್ಟೇಜ್ ಎಲ್ಲ ಆ ಕೆಟ್ಟ ಜಾಯಿಂಟಿನಲ್ಲೇ ಉಳಿದುಬಿಡುತ್ತದೆ, ಬಲ್ಬಿಗೆ ಬೆಚ್ಚಗಾಗುವಷ್ಟೂ ಸಿಗುವುದಿಲ್ಲ.

ಹಾಗಾಗಿ ಬಲ್ಬು ಹೋಲ್ಡರಿನಲ್ಲಿ ಇರುವಾಗಲೇ ಅಳೆಯಿರಿ. ಕಪ್ಪು ಕಡ್ಡಿಯನ್ನು ಕನ್ವರ್ಟರಿನ 12 ವೋಲ್ಟ್ ಕಡೆಯ ಮೈನಸ್‌ಗೆ, ಕೆಂಪು ಕಡ್ಡಿಯನ್ನು ಹೋಲ್ಡರಿನ ಲೋಹದ ಮೈಗೆ ಹಿಡಿದು, ಒಬ್ಬರಿಂದ ಪೆಡಲ್ ಒತ್ತಿಸಿರಿ. ಅರ್ಧ ವೋಲ್ಟಿನೊಳಗೆ ಇದ್ದರೆ ವಾಪಸ್ ದಾರಿ ಸರಿಯಿದೆ, ಆಗ ಪ್ಲಸ್ ಕಡೆಯನ್ನೂ ಹೀಗೆಯೇ ಅಳೆಯಬೇಕು. ಹಲವು ವೋಲ್ಟ್ ತೋರಿಸಿದರೆ ಕೆಂಪು ಕಡ್ಡಿಯನ್ನು ಒಂದೊಂದೇ ಜಾಯಿಂಟಿಗೆ ಹಿಂದೆ ಸರಿಸುತ್ತ ಬನ್ನಿರಿ. ಅಂಕಿ ಎಲ್ಲಿ ಥಟ್ಟನೆ ಇಳಿಯುತ್ತದೆಯೋ ರೋಗ ಅಲ್ಲಿದೆ.

ಕಪ್ಪು ಕಡ್ಡಿಯನ್ನು ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ಹಿಡಿಯಬೇಡಿ. ಕಾರು, ಬೈಕುಗಳಲ್ಲಿ ಬಾಡಿಯೇ ಮೈನಸ್ ಆಗಿರುತ್ತದೆ, ಆದರೆ ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಚಾಸಿಗೂ ಬ್ಯಾಟರಿಗೂ ಸಂಬಂಧವಿರುವುದಿಲ್ಲ. ಕಾರಿನ ಅಭ್ಯಾಸದಲ್ಲಿ ಹೋಲ್ಡರಿನ ವೈರನ್ನು ಚಾಸಿಗೆ ಬೋಲ್ಟು ಮಾಡಿದರೆ ಹೊಸದೊಂದು ತೊಂದರೆ ಸೇರಿಕೊಳ್ಳುತ್ತದೆ.

ಹಾವೇರಿಯಿಂದ

ಎಲ್‌ಇಡಿ ಬಗ್ಗೆ ಒಂದು ಮಾತು. ಅದು ಎಳೆಯುವ ಕರೆಂಟು ಬಹಳ ಕಡಿಮೆಯಾದ್ದರಿಂದ ಅದೇ ಕೆಟ್ಟ ಜಾಯಿಂಟಿನ ಮೇಲೆಯೂ ಉರಿದೀತು, ಅಂಗಡಿಯವರ ಮಾತೂ ನಿಜವಾದೀತು. ಆದರೆ ಕಿಲುಬು ತಿನ್ನುವುದನ್ನು ನಿಲ್ಲಿಸುವುದಿಲ್ಲ, ಮುಂದಿನ ಮಳೆಗಾಲಕ್ಕೆ ಅದೂ ನಿಲ್ಲುತ್ತದೆ. ಮೊದಲು ವೈರು ಸರಿಪಡಿಸಿ, ಬೇಕಿದ್ದರೆ ನಂತರ ಎಲ್‌ಇಡಿ ಹಾಕಿಸಿಕೊಳ್ಳಿರಿ.

ಕೆಲವರು ಕನ್ವರ್ಟರನ್ನು ಬಿಟ್ಟು ಎರಡು ಬ್ಯಾಟರಿಗಳಿಂದ ನೇರವಾಗಿ ದೀಪಕ್ಕೆ ಎಳೆದುಕೊಳ್ಳಿ ಎಂದೂ ಸಲಹೆ ಕೊಡುತ್ತಾರೆ. ನಿಮ್ಮವು ಎಂಟು ವೋಲ್ಟಿನವು, ಎರಡು ಸೇರಿದರೆ 16 ಆಗುತ್ತದೆ. ಬಲ್ಬು ಬೇಗ ಸುಡುತ್ತದೆ, ಆ ಎರಡು ಬ್ಯಾಟರಿಗಳು ಉಳಿದ ನಾಲ್ಕಕ್ಕಿಂತ ಹೆಚ್ಚು ಬರಿದಾಗುತ್ತ ಹೋಗುತ್ತವೆ.

ಧಾರವಾಡದಿಂದ, ಮೂರು ದಿನಗಳ ನಂತರ

ಗದಗಿನವರು ಹೇಳಿದಂತೆ ಸಂಜೆ ಪೆಡಲ್ ಒತ್ತಿ ನೋಡಿದಾಗ ಟೇಲ್ ದೀಪವೂ ಆರಿದಂತಾಯಿತು. ಬಲ್ಬು ಇದ್ದಂತೆಯೇ ಅಳೆದಾಗ ಹೋಲ್ಡರಿನ ಮೈಯಲ್ಲಿ 9 ವೋಲ್ಟಿನಷ್ಟು ಸಿಕ್ಕಿತು. ಹಿಂದೆ ಸರಿಯುತ್ತ ಬಂದರೆ ಸೀಟಿನ ಕೆಳಗೆ ಬ್ಯಾಟರಿ ತಟ್ಟೆಯ ಪಕ್ಕದಲ್ಲಿ, ಹಿಂದೊಮ್ಮೆ ಯಾರೋ ವೈರನ್ನು ಹೆಣೆದು ಟೇಪು ಸುತ್ತಿದ ಜಾಗದಲ್ಲಿ ಅಂಕಿ ಇಳಿಯಿತು. ಟೇಪು ಬಿಚ್ಚಿದರೆ ಒಳಗೆ ತಾಮ್ರವೇ ಉಳಿದಿರಲಿಲ್ಲ, ಹಸಿರು ಪುಡಿ ಇತ್ತು. ಬ್ಯಾಟರಿಯ ಆಸಿಡ್ ಆವಿಯೂ ನಾವು ಪೈಪು ಹಿಡಿದು ಗಾಡಿ ತೊಳೆಯುವುದೂ ಸೇರಿ ಹೀಗಾಗಿರಬೇಕು. ವೈರನ್ನು ಒಳ್ಳೆಯ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗುವ ಕೊಳವೆ ಏರಿಸಿ, ಜಾಯಿಂಟನ್ನು ಬ್ಯಾಟರಿಗಳಿಂದ ಒಂದು ಗೇಣು ದೂರಕ್ಕೆ ಒಯ್ದಿದ್ದೇವೆ. ಈಗ ಹೋಲ್ಡರಿನ ಮೈಯಲ್ಲಿ 0.2 ವೋಲ್ಟ್ ಮಾತ್ರ ಇದೆ, ಹಳೆಯ ಬಲ್ಬುಗಳೇ ಚೆನ್ನಾಗಿ ಉರಿಯುತ್ತಿವೆ. ಹುಬ್ಬಳ್ಳಿಯವರ ಮಾತಿನಂತೆ ಸ್ವಿಚ್ಚನ್ನೂ ಬಿಚ್ಚಿ ಮಣ್ಣು ತೊಳೆದೆವು, ಅದರಲ್ಲಿ ದೋಷವಿರಲಿಲ್ಲ. ಎಡಗಡೆಯ ದೀಪದ ಗಾಜಿನೊಳಗೆ ಇನ್ನೂ ನೀರು ಇಳಿಯುತ್ತಿದೆ. ಅದರ ರಬ್ಬರನ್ನು ಈ ವಾರ ಬದಲಿಸುತ್ತೇವೆ.