ಗೇಮಿಂಗ್ ಲ್ಯಾಪ್‌ಟಾಪ್: ಗ್ರಾಫಿಕ್ಸ್ ಮೆಮೊರಿ 4 ಸಾಕಾ, 8 ಬೇಕಾ?

ಪ್ರಶ್ನೆ (ಗೋಣಿಕೊಪ್ಪ): ಅಣ್ಣಾ, ನಮಸ್ಕಾರ. ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಈ ಸಲ ಕಾಫಿ ದುಡ್ಡು ಬಂದ ಮೇಲೆ ಲ್ಯಾಪ್‌ಟಾಪ್ ಕೊಡಿಸುತ್ತೇನೆ ಅಂತ ಅಪ್ಪ ಹೇಳಿದ್ದಾರೆ. ಎರಡು ನೋಡಿಟ್ಟಿದ್ದೇನೆ. ಒಂದರಲ್ಲಿ ಆರ್‌ಟಿಎಕ್ಸ್ 4050 ಗ್ರಾಫಿಕ್ಸ್ ಚಿಪ್, ಗ್ರಾಫಿಕ್ಸ್ ಮೆಮೊರಿ 6 ಜಿಬಿ, ರ‍್ಯಾಮ್ 16 ಜಿಬಿ, ಎಸ್‌ಎಸ್‌ಡಿ 1 ಟಿಬಿ. ಇನ್ನೊಂದರಲ್ಲಿ ಆರ್‌ಟಿಎಕ್ಸ್ 4060, ಗ್ರಾಫಿಕ್ಸ್ ಮೆಮೊರಿ 8 ಜಿಬಿ. ಆದರೆ ರ‍್ಯಾಮ್ 16 ಜಿಬಿಯದು ಒಂದೇ ಸ್ಟಿಕ್, ಎಸ್‌ಎಸ್‌ಡಿ 512 ಜಿಬಿ ಮಾತ್ರ. ಬೆಲೆ ಹೆಚ್ಚು ಕಮ್ಮಿ ಒಂದೇ. ಆಡುವುದು ಜಿಟಿಎ 5, ಸೈಬರ್‌ಪಂಕ್ 2077, ಮುಂದೆ ಬರುವ ಹೊಸ ಗೇಮ್‌ಗಳು. ಚಿಕ್ಕಪ್ಪನ ಮಗ 4 ಜಿಬಿ ಸಾಕು ಅನ್ನುತ್ತಾನೆ. ಹಾಸ್ಟೆಲ್ ಗೆಳೆಯ 12ಕ್ಕಿಂತ ಕಡಿಮೆ ಇದ್ದರೆ ದಂಡ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ (ಕುಶಾಲನಗರ, ಲ್ಯಾಪ್‌ಟಾಪ್ ರಿಪೇರಿ): ತಮ್ಮಾ, 8 ಜಿಬಿ ಇರುವುದನ್ನೇ ತೆಗೆದುಕೊ. ಯಾಕೆ ಅಂತ ಹೇಳುತ್ತೇನೆ.

ರ‍್ಯಾಮ್, ಎಸ್‌ಎಸ್‌ಡಿ ಎರಡನ್ನೂ ಆಮೇಲೆ ಹಾಕಿಸಬಹುದು. ಗ್ರಾಫಿಕ್ಸ್ ಮೆಮೊರಿಯನ್ನು ಹಾಕಿಸಲು ಆಗುವುದಿಲ್ಲ. ಈ ಲ್ಯಾಪ್‌ಟಾಪ್‌ಗಳ ಕೆಳಗಿನ ಮುಚ್ಚಳ ಬಿಚ್ಚಿ, ತಾಮ್ರದ ಪೈಪ್ ಇರುವ ಹೀಟ್‌ಸಿಂಕ್ ಎತ್ತಿದರೆ ಮಧ್ಯದಲ್ಲಿ ಹೊಳೆಯುವ ಒಂದು ಚಿಪ್ ಕಾಣುತ್ತದೆ. ಅದು ಜಿಪಿಯು, ಗೇಮ್‌ನ ಚಿತ್ರ ಬಿಡಿಸುವ ಚಿಪ್. ಅದಕ್ಕೆ ಅಂಟಿಕೊಂಡ ಹಾಗೆ ಸಣ್ಣ ಕಪ್ಪು ಚೌಕಗಳಿರುತ್ತವೆ, ಅವೇ ಮೆಮೊರಿ. 4050ರ ಪಕ್ಕ ಮೂರು ಇರುತ್ತವೆ, 4060ರ ಪಕ್ಕ ನಾಲ್ಕು. ತಲಾ 2 ಜಿಬಿ. ಎಲ್ಲವೂ ಬೋರ್ಡಿಗೆ ಬೆಸುಗೆಯಾಗಿ ಕೂತಿರುತ್ತವೆ. 'ಇನ್ನೊಂದು ಹಾಕಿಕೊಡಿ' ಅಂತ ನನ್ನ ಹತ್ತಿರ ತುಂಬಾ ಜನ ಬರುತ್ತಾರೆ. ಇಲ್ಲ ಅಂತ ಹೇಳಿ ಕಳಿಸುವಾಗ ನನಗೂ ಬೇಜಾರಾಗುತ್ತದೆ.

ಆ ನಾಲ್ಕನೇ ಚೌಕದಿಂದ ಜಾಗ ಮಾತ್ರ ಹೆಚ್ಚಾಗುವುದಲ್ಲ, ದಾರಿಯೂ ಅಗಲವಾಗುತ್ತದೆ. 4050ರಲ್ಲಿ ಮೆಮೊರಿಯ ವೇಗ ಸೆಕೆಂಡಿಗೆ 192 ಜಿಬಿ, 4060ರಲ್ಲಿ 256 ಜಿಬಿ.

ಈಗ ಈ ಮೆಮೊರಿ ತುಂಬುವುದು ಯಾವುದರಿಂದ ಅಂತ ನೋಡು. ಫುಲ್ ಎಚ್‌ಡಿ ಪರದೆಯ ಒಂದು ಚಿತ್ರಕ್ಕೆ ಬೇಕಾಗುವುದು ಸುಮಾರು 8 ಎಂಬಿ ಅಷ್ಟೇ. ಜಾಗ ತಿನ್ನುವುದು ಟೆಕ್ಸ್ಚರ್. ಗೇಮ್‌ನಲ್ಲಿ ಒಂದು ಹಳೇ ಮನೆ ಇದೆ ಅಂದುಕೊ. ಅದರ ಹೆಂಚು, ಗೋಡೆಯ ಪಾಚಿ, ಬಾಗಿಲಿನ ಮರ, ಒಂದೊಂದಕ್ಕೂ ಬೇರೆ ಬೇರೆ ಚಿತ್ರ ಅಂಟಿಸಿರುತ್ತಾರೆ. 4096 ಪಿಕ್ಸೆಲ್ ಉದ್ದ, ಅಷ್ಟೇ ಅಗಲದ ಒಂದು ಟೆಕ್ಸ್ಚರ್ ಕುಗ್ಗಿಸದೆ ಇಟ್ಟರೆ 64 ಎಂಬಿ. ಗೇಮ್‌ಗಳು ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಕುಗ್ಗಿಸಿದರೂ 16 ಎಂಬಿ. ಅಂಥವು ನೂರಾರು ಇರುತ್ತವೆ. ಅದೇ ಟೆಕ್ಸ್ಚರನ್ನು 2048ಕ್ಕೆ ಇಳಿಸಿದರೆ 4 ಎಂಬಿ ಸಾಕು. ಉದ್ದ ಅಗಲ ಅರ್ಧ ಆದರೆ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದ ಕೂಡಲೇ ಗೇಮ್ ಸರಾಗವಾಗುವುದು ಇದಕ್ಕೇ. ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದ ಹಾಗೆ ಲೆಕ್ಕ ಹಾಕುವುದು) ಹಾಕಿದರೆ, ಫ್ರೇಮ್ ಜನರೇಷನ್ (ನಡುನಡುವೆ ಹೆಚ್ಚುವರಿ ಚಿತ್ರ ಸೇರಿಸುವುದು) ಹಾಕಿದರೆ ಅವೂ ಇದೇ ಮೆಮೊರಿಯಲ್ಲಿ ಪಾಲು ಕೇಳುತ್ತವೆ.

ತುಂಬಿದ ಮೇಲೆ ಏನಾಗುತ್ತದೆ? ನಿಮ್ಮ ಮನೆಯ ಕಣ ತುಂಬಿ, ಉಳಿದ ಕಾಫಿಯನ್ನು ಒಂದು ಮೈಲಿ ಆಚೆಯ ಕಣದಲ್ಲಿ ಹರವಿದ ಹಾಗೆ. ಪ್ರತಿ ಸಲ ಕೆದಕಲು ಅಲ್ಲಿಗೇ ನಡೆಯಬೇಕು. ಮೆಮೊರಿಯಲ್ಲಿ ಹಿಡಿಸದೆ ಉಳಿದದ್ದು ರ‍್ಯಾಮ್‌ಗೆ ಹೋಗುತ್ತದೆ. ಅಲ್ಲಿಂದ ಜಿಪಿಯುಗೆ ಬರುವ ದಾರಿ 4060ರಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ. 256 ಎಲ್ಲಿ, 16 ಎಲ್ಲಿ! ಅದಕ್ಕೇ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) 60 ತೋರಿಸುತ್ತಿದ್ದರೂ ಕ್ಯಾಮೆರಾ ತಿರುಗಿಸಿದಾಗ ಒಂದು ಕ್ಷಣ ನಿಂತು ಬಿಡುತ್ತದೆ. ಗೋಡೆಗಳು ಮಸುಕಾಗಿಯೇ ಉಳಿಯುತ್ತವೆ. ಯೂಟ್ಯೂಬ್ ರಿವ್ಯೂನಲ್ಲಿ ಸರಾಸರಿ ಅಂಕಿ ಮಾತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ.

ಚಿಕ್ಕಪ್ಪನ ಮಗ ಹೇಳಿದ್ದು ಜಿಟಿಎ 5ಕ್ಕೆ ಸರಿ. ಅದು ಪಿಸಿಗೆ ಬಂದದ್ದು 2015ರಲ್ಲಿ, 4 ಜಿಬಿಯಲ್ಲಿ ಚೆನ್ನಾಗಿ ಓಡುತ್ತದೆ. ಆದರೆ 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್ ಕನಿಷ್ಠ ಅಂತಲೇ 8 ಜಿಬಿಯ ಕಾರ್ಡ್ ಕೇಳುತ್ತದೆ. ನೀನು ಈ ಲ್ಯಾಪ್‌ಟಾಪನ್ನು ನಾಲ್ಕೈದು ವರ್ಷ ಇಟ್ಟುಕೊಳ್ಳುವವನು. ಅದಕ್ಕೆ 8.

ಪ್ರಶ್ನೆ (ಸೋಮವಾರಪೇಟೆ): ಸರ್, ನನ್ನ ಲ್ಯಾಪ್‌ಟಾಪ್ ಕೊಡುವಾಗ ಅಂಗಡಿಯವರು 12 ಜಿಬಿ ಗ್ರಾಫಿಕ್ಸ್ ಅಂದಿದ್ದರು. ಆದರೂ ಸೈಬರ್‌ಪಂಕ್ ನೀವು ಹೇಳಿದ ಹಾಗೇ ತಡೆದು ತಡೆದು ಓಡುತ್ತದೆ. 12 ಇದ್ದೂ ಯಾಕೆ ಹೀಗೆ?

ಉತ್ತರ: ಗೇಮ್ ಓಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ, ಎಡಗಡೆ ಜಿಪಿಯು ಒತ್ತಿ. ಎರಡು ಇದ್ದರೆ ಎನ್‌ವಿಡಿಯಾ ಹೆಸರು ಇರುವುದು. ಕೆಳಗೆ 'ಡೆಡಿಕೇಟೆಡ್ ಜಿಪಿಯು ಮೆಮೊರಿ', 'ಶೇರ್ಡ್ ಜಿಪಿಯು ಮೆಮೊರಿ' ಅಂತ ಎರಡು ಸಾಲು ಇರುತ್ತವೆ. ಅವೆರಡನ್ನೂ ಇಲ್ಲಿ ಬರೆಯಿರಿ.

ಸೋಮವಾರಪೇಟೆ: ಡೆಡಿಕೇಟೆಡ್ 3.8/4.0. ಶೇರ್ಡ್ 1.9/7.9. ಕಾರ್ಡ್ ಆರ್‌ಟಿಎಕ್ಸ್ 3050.

ಉತ್ತರ: ನಿಮ್ಮ ನಿಜವಾದ ಗ್ರಾಫಿಕ್ಸ್ ಮೆಮೊರಿ 4 ಜಿಬಿ. ಆ 7.9 ಅನ್ನುವುದು ನಿಮ್ಮದೇ 16 ಜಿಬಿ ರ‍್ಯಾಮ್‌ನ ಅರ್ಧ. ಬೇಕಾದಾಗ ಕಡ ತೆಗೆದುಕೊಳ್ಳಬಹುದು ಅಂತ ವಿಂಡೋಸ್ ತೋರಿಸುತ್ತದೆ. ಎರಡನ್ನೂ ಕೂಡಿಸಿ 12 ಅಂತ ಹೇಳಿ ಮಾರುವುದು ತಪ್ಪು. ಇದನ್ನು ಗುಂಪಿನಲ್ಲಿರುವ ಎಲ್ಲರೂ ನೆನಪಿಡಿ, ಕೊಳ್ಳುವಾಗ 'ಡೆಡಿಕೇಟೆಡ್ ಎಷ್ಟು?' ಅಂತಲೇ ಕೇಳಿ. ನಿಮ್ಮ ಗೇಮ್ ಈಗ 1.9 ಜಿಬಿಯಷ್ಟು ರ‍್ಯಾಮ್‌ಗೆ ಚೆಲ್ಲಿದೆ, ತಡೆಯುತ್ತಿರುವುದು ಅದರಿಂದಲೇ. ಟೆಕ್ಸ್ಚರ್ ಮೀಡಿಯಂಗೆ ಇಳಿಸಿ, ರೇ ಟ್ರೇಸಿಂಗ್ ಪೂರ್ತಿ ಆಫ್ ಮಾಡಿ, ಡಿಎಲ್‌ಎಸ್‌ಎಸ್ (ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ದೊಡ್ಡದು ಮಾಡಿ ತೋರಿಸುವ ಸೆಟ್ಟಿಂಗ್) ಆನ್ ಮಾಡಿ. ಆಡುವಾಗ ಬ್ರೌಸರ್ ಮುಚ್ಚಿ, ಅದೂ ಸ್ವಲ್ಪ ಮೆಮೊರಿ ಹಿಡಿದಿರುತ್ತದೆ. ಆಮೇಲೆ ಅದೇ ಜಾಗದಲ್ಲಿ ನಿಂತು ಶೇರ್ಡ್ ಎಷ್ಟಿದೆ ಅಂತ ಮತ್ತೆ ನೋಡಿ.

ಸೋಮವಾರಪೇಟೆ: ಶೇರ್ಡ್ 0.3ಕ್ಕೆ ಇಳಿಯಿತು ಸರ್. ತಿರುಗಿಸುವಾಗ ನಿಲ್ಲುತ್ತಿಲ್ಲ.

ಪ್ರಶ್ನೆ (ವಿರಾಜಪೇಟೆ): ನನ್ನ ಮಗ ಪಿಯುಸಿ. ಓದು, ಸ್ವಲ್ಪ ಕೋಡಿಂಗ್, ಸಂಜೆ ವ್ಯಾಲೊರಂಟ್. ಅವನಿಗೂ 8 ಜಿಬಿಯದೇ ಬೇಕು ಅಂತ ಹಟ. ಬೇಕಾ?

ಉತ್ತರ: ಬೇಡ ಅಕ್ಕಾ. ವ್ಯಾಲೊರಂಟ್‌ಗೆ ಅದನ್ನು ಮಾಡಿದ ಕಂಪನಿಯೇ ಶಿಫಾರಸು ಮಾಡುವುದು 1 ಜಿಬಿ. ಅವನ ಕೆಲಸಕ್ಕೆ 4 ಜಿಬಿಯದು ಧಾರಾಳ ಸಾಕು. ಉಳಿದ ದುಡ್ಡಿನಲ್ಲಿ 16 ಜಿಬಿ ರ‍್ಯಾಮ್, ಒಳ್ಳೆಯ ಕೀಬೋರ್ಡ್, ಒಳ್ಳೆಯ ಪರದೆ ಇರುವುದನ್ನು ನೋಡಿ. ಮುಂದೆ ದೊಡ್ಡ ಗೇಮ್ ಆಡುವ ಯೋಚನೆ ಇದೆಯಾ ಅಂತ ಮಾತ್ರ ಒಮ್ಮೆ ಕೇಳಿ, ಇದೆ ಅಂದರೆ ಲೆಕ್ಕ ಬೇರೆ.

ಪ್ರಶ್ನೆ (ಮಡಿಕೇರಿ): ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎರಡು ಮೂರು ದಿನ ಬರುವುದಿಲ್ಲ. ಮೆಮೊರಿ ಜಾಸ್ತಿ ಇದ್ದರೆ ಬ್ಯಾಟರಿಯಲ್ಲೂ ಚೆನ್ನಾಗಿ ಆಡಬಹುದಾ?

ಉತ್ತರ: ಅದಕ್ಕೂ ಮೆಮೊರಿಗೂ ಸಂಬಂಧ ಇಲ್ಲ. ಬ್ಯಾಟರಿಯಲ್ಲಿ ಇರುವಾಗ ಜಿಪಿಯುಗೆ ಸಿಗುವ ಕರೆಂಟೇ ತುಂಬಾ ಕಡಿಮೆ. ಅಡಾಪ್ಟರ್ ಹಾಕಿದಾಗ ಕೂಡ ಒಂದೇ ಹೆಸರಿನ ಚಿಪ್ ಎಲ್ಲಾ ಲ್ಯಾಪ್‌ಟಾಪ್‌ನಲ್ಲೂ ಒಂದೇ ತರ ಓಡುವುದಿಲ್ಲ. 4060ಯನ್ನು ಒಂದು ಕಂಪನಿ 60 ವ್ಯಾಟ್‌ಗೆ ಕಟ್ಟಿಹಾಕಬಹುದು, ಇನ್ನೊಂದು 115ರ ತನಕ ಬಿಡಬಹುದು. ಎರಡರಲ್ಲೂ 8 ಜಿಬಿಯೇ ಬರೆದಿರುತ್ತದೆ. ಹಾಗಾಗಿ ಮಾಡೆಲ್‌ನ ಪುಟದಲ್ಲಿ ಟಿಜಿಪಿ, ಅಂದರೆ ಜಿಪಿಯುಗೆ ಸಿಗುವ ಗರಿಷ್ಠ ಪವರ್, ಎಷ್ಟು ವ್ಯಾಟ್ ಅಂತ ಓದದೆ ಕೊಳ್ಳಬೇಡಿ.

ಇನ್ವರ್ಟರ್‌ನಲ್ಲಿ ಆಡುವುದಾದರೆ ಅಡಾಪ್ಟರಿನ ಮೇಲಿನ ಬರಹ ನೋಡಿ, ಹಲವು ಗೇಮಿಂಗ್ ಲ್ಯಾಪ್‌ಟಾಪ್‌ಗಳದ್ದು 200 ವ್ಯಾಟ್ ಮೇಲೆ. ಮನೆಯ ಲೈಟಿನ ಜೊತೆ ಇದನ್ನೂ ಎಳೆದರೆ ಬ್ಯಾಟರಿ ಬೇಗ ಕೂರುತ್ತದೆ. ಗುಡುಗು ಶುರುವಾದರೆ ಪಿನ್ ಕಿತ್ತಿಡಿ. ಇನ್ನೊಂದು, ಜೂನ್‌ನಿಂದ ಆಗಸ್ಟ್ ತನಕ ಲ್ಯಾಪ್‌ಟಾಪನ್ನು ಬ್ಯಾಗಿನೊಳಗೆ ವಾರಗಟ್ಟಲೆ ಮುಚ್ಚಿಡಬೇಡಿ. ಮಳೆ ಮುಗಿದ ಮೇಲೆ ನನ್ನ ಮೇಜಿಗೆ ಬರುವ ಎಷ್ಟೋ ಲ್ಯಾಪ್‌ಟಾಪ್‌ಗಳ ಫ್ಯಾನ್ ರೆಕ್ಕೆಯ ಮೇಲೆ ಧೂಳು ತೇವ ಹಿಡಿದು ಕೆಸರಿನ ಹಾಗೆ ಕೂತಿರುತ್ತದೆ. ಫ್ಯಾನ್ ಸರಿ ತಿರುಗದಿದ್ದರೆ ಜಿಪಿಯು ಬಿಸಿಯಾಗಿ ವೇಗ ಇಳಿಸಿಕೊಳ್ಳುತ್ತದೆ. ದಿನಾ ಸ್ವಲ್ಪ ಹೊತ್ತು ಆನ್ ಮಾಡಿ ಇಡಿ.

ಗೋಣಿಕೊಪ್ಪ: ಅಣ್ಣಾ, ಇನ್ನೂ ಸ್ವಲ್ಪ ಸೇರಿಸಿ 4070 ತೆಗೆದುಕೊಂಡರೆ ಗೆಳೆಯ ಹೇಳಿದ 12 ಜಿಬಿ ಸಿಗುತ್ತದಾ?

ಉತ್ತರ: ಇಲ್ಲ. ಡೆಸ್ಕ್‌ಟಾಪ್ 4070ಯಲ್ಲಿ 12 ಜಿಬಿ, ಲ್ಯಾಪ್‌ಟಾಪ್ 4070ಯಲ್ಲಿ 8 ಜಿಬಿಯೇ. ಹೆಸರು ಒಂದೇ ಆದ್ದರಿಂದ ತುಂಬಾ ಜನ ಮೋಸ ಹೋಗುತ್ತಾರೆ. ಆ ಸಾಲಿನ ಲ್ಯಾಪ್‌ಟಾಪ್‌ಗಳಲ್ಲಿ 12 ಶುರುವಾಗುವುದು 4080ಯಿಂದ, ಹೊಸ ಸಾಲಿನಲ್ಲಿ 5070 ಟಿಐನಿಂದ. ಬೆಲೆ ಎಲ್ಲಿಗೋ ಹೋಗುತ್ತದೆ. ಫುಲ್ ಎಚ್‌ಡಿ ಪರದೆಗೆ ಅಪ್ಪನ ಮೇಲೆ ಅಷ್ಟು ಭಾರ ಹಾಕಬೇಡ. ನೀನು ನೋಡಿರುವ 4060ಯಲ್ಲಿ ರ‍್ಯಾಮ್‌ಗೆ ಇನ್ನೊಂದು ಸ್ಲಾಟ್, ಎಸ್‌ಎಸ್‌ಡಿಗೆ ಇನ್ನೊಂದು ಸ್ಲಾಟ್ ಖಾಲಿ ಇದೆಯಾ, ಅದನ್ನು ನೋಡು.

ಗೋಣಿಕೊಪ್ಪ: ಎರಡೂ ಇವೆ ಅಣ್ಣಾ. ಟಿಜಿಪಿ 100 ವ್ಯಾಟ್ ಅಂತ ಬರೆದಿದೆ. ಶನಿವಾರ ಅಪ್ಪನ ಜೊತೆ ಮೈಸೂರಿಗೆ ಹೋಗುತ್ತಿದ್ದೇನೆ.

ಉತ್ತರ: ಒಳ್ಳೆಯದು. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡೆಡಿಕೇಟೆಡ್ 8.0 ಇದೆಯಾ ನೋಡಿಕೊ. ಎರಡನೇ ರ‍್ಯಾಮ್ ಸ್ಟಿಕ್ ಮೊದಲು ಹಾಕಿಸು, ಎಸ್‌ಎಸ್‌ಡಿ ಆಮೇಲೆ ನಿಧಾನಕ್ಕೆ ಆಗಲಿ.