ಧ್ರುವಪ್ರಭೆಯನ್ನು ಹೋಲುವ ಬೆಳಕಿನ ರಚನೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕತ್ತಲೆ ಕೋಣೆಯ ಚಾವಣಿಯಿಂದ ತೆಳುವಾದ ಬಿಳಿ ಪರದೆಯನ್ನು ಅಲೆಅಲೆಯಾಗಿ ಇಳಿಬಿಟ್ಟು, ಅದರ ಬುಡದಲ್ಲಿ ಅಡಗಿಸಿದ ಎಲ್‌ಇಡಿ ಪಟ್ಟಿಗಳಿಂದ ಮೇಲ್ಮುಖವಾಗಿ ಬೆಳಕು ಹಾಯಿಸಿ ಧ್ರುವಪ್ರಭೆಯ (ಧ್ರುವ ಪ್ರದೇಶಗಳ ರಾತ್ರಿಯಾಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಅರೋರಾ) ನೋಟವನ್ನು ಮೂಡಿಸಲು ಯತ್ನಿಸುತ್ತಿದ್ದೇನೆ. ಎರಡು ವಿಷಯಗಳಲ್ಲಿ ಬಲ್ಲವರ ನೆರವು ಬೇಕಾಗಿದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಬಣ್ಣ. ಸುಮಾರು 100ರಿಂದ 150 ಕಿ.ಮೀ. ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳು ಹೊಮ್ಮಿಸುವ ಹಸಿರಿನ ತರಂಗಾಂತರ 557.7 ನ್ಯಾನೋಮೀಟರ್, ಸಾಮಾನ್ಯ ಎಲ್‌ಇಡಿಯ ಹಸಿರು 520ರ ಆಸುಪಾಸಿನಲ್ಲಿರುವುದರಿಂದ ಪರದೆಯ ಮೇಲೆ ಅದು ಆಕಾಶದ ಬೆಳಕಿಗಿಂತ ನಾಟಕದ ರಂಗದೀಪದಂತೆಯೇ ತೋರುತ್ತದೆ. ತುಸು ಕೆಂಪು ಬೆರೆಸಿದರೆ ಬೇಕಾದ ಹಳದಿ ಛಾಯೆ ಬರುತ್ತದೆಯಾದರೂ, ಪರದೆಯ ನೆರಿಗೆಗಳ ಅಂಚಿನಲ್ಲಿ ಕೆಂಪು, ಹಸಿರು ಬೇರೆಬೇರೆಯಾಗಿ ಒಡೆದು ಕಾಣುತ್ತವೆ. ಪಟ್ಟಿಯ ಮೇಲೆ ಹಾಲುಬಣ್ಣದ ಡಿಫ್ಯೂಸರ್ (ಬೆಳಕನ್ನು ಚದುರಿಸುವ ಹೊದಿಕೆ) ಹೊದಿಸಿದರೆ ಇದು ಸರಿಹೋದೀತೇ, ಅಥವಾ ಲೈಮ್ (ಹಳದಿ ಬೆರೆತ ಹಸಿರು) ಬಣ್ಣದ ಎಲ್‌ಇಡಿಗಳನ್ನೇ ಬಳಸುವುದು ಲೇಸೇ? 200 ಕಿ.ಮೀ.ಗಿಂತ ಮೇಲೆ ಕಾಣುವ 630 ನ್ಯಾನೋಮೀಟರಿನ ಕೆಂಪಿಗಾಗಿ ಪರದೆಯ ಮೇಲ್ತುದಿಯಲ್ಲಿ ಪ್ರತ್ಯೇಕ ಪಟ್ಟಿ ಕಟ್ಟುವ ಯೋಚನೆಯಿದೆ. ಅದರಲ್ಲಿ ತೊಡಕು ಕಾಣುತ್ತಿಲ್ಲ.

ಎರಡನೆಯದು ಬೆಳಕು ಕುಗ್ಗುವ ಬಗೆ. ನಾನು ಬಳಸುತ್ತಿರುವ ಡಬ್ಲ್ಯುಎಸ್2812ಬಿ ಪಟ್ಟಿಯಲ್ಲಿ (ಪ್ರತಿ ದೀಪವನ್ನೂ ಬೇರೆಯಾಗಿ ನಿಯಂತ್ರಿಸಬಹುದಾದ ಎಲ್‌ಇಡಿ ಪಟ್ಟಿ) ಪ್ರತಿ ಬಣ್ಣಕ್ಕೆ ಹೊಳಪಿನ 256 ಹಂತಗಳಷ್ಟೇ ಇರುವುದರಿಂದ, ಗಾಮಾ ತಿದ್ದುಪಡಿ (ಕಣ್ಣಿಗೆ ಹೊಳಪು ಸಮವಾಗಿ ಏರಿಳಿದಂತೆ ಕಾಣಲು ಹಂತಗಳನ್ನು ಹೊಂದಿಸುವುದು) ಮಾಡಿದ ಮೇಲೆ ಮಂದ ಬೆಳಕು ಮೆಟ್ಟಿಲು ಇಳಿದಂತೆ ತಟ್ಟತಟ್ಟನೆ ಕುಸಿಯುತ್ತದೆ. ಟೆಂಪೊರಲ್ ಡಿಥರಿಂಗ್ (ಎರಡು ಹಂತಗಳ ನಡುವೆ ವೇಗವಾಗಿ ಬದಲಾಯಿಸುತ್ತ ನಡುವಣ ಹೊಳಪನ್ನು ತೋರಿಸುವ ವಿಧಾನ) ಅಳವಡಿಸಿ ನೋಡಿದವರು, ಅಥವಾ ಇದೇ ಕಾರಣಕ್ಕೆ ಎಪಿಎ102 ಎಂಬ ಇನ್ನೊಂದು ಬಗೆಯ ಎಲ್‌ಇಡಿ ಪಟ್ಟಿಗೆ ಬದಲಾಯಿಸಿದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಿ.